ದಾರಿಬದಿಯಲ್ಲಿ ಕೂತ ಅಜ್ಜಿ

ಗುವಾಗ್ವಾ, ಪಂಪಾಂಗಾ
ಭಾನುವಾರ, ೨೩ ಮೇ ೧೯೮೨

ನನ್ನ ಮುದ್ದಿನ ಮಿಲಾ,

ಅಮ್ಮ ಮಾಡುವ ಆಶೀರ್ವಾದಗಳು. ನೀನು, ಅಳಿಯ, ಮಗು ಮೂವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾವಿಬ್ಬರೂ ಚೆನ್ನಾಗಿಯೇ ಇದ್ದೇವೆ. ಮೊನ್ನೆ ಮೊದಲ ಮಳೆ ಬಿತ್ತು. ಹಿತ್ತಿಲ ಮಾವಿನ ಮರದಲ್ಲಿ ಇನ್ನೂ ಹದಿನೈದಿಪ್ಪತ್ತು ಕಾಯಿ ಉಳಿದಿವೆ. ಮೊಮ್ಮಗು ಬರುವವರೆಗೆ ಯಾರೂ ಮುಟ್ಟಬಾರದು ಎಂದು ನಿನ್ನಪ್ಪನ ಅಪ್ಪಣೆ. ಅಪ್ಪಣೆ ಕೊಟ್ಟವರೇ ದಿನಕ್ಕೊಂದು ಕಿತ್ತು ಉಪ್ಪು ಹಚ್ಚಿಕೊಂಡು ತಿನ್ನುತ್ತಾರೆ. ಕೇಳಿದರೆ ಬಾವಲಿ ತಿಂದಿತು ಎನ್ನುತ್ತಾರೆ.

ನಿನ್ನ ಪತ್ರ ಬುಧವಾರವೇ ಬಂತು. ಅಂಚೆಯವನು ಬಾತುಗಳ ಬೇಲಿಗೆ ಸಿಕ್ಕಿಸಿ ಹೋಗಿದ್ದ. ಸದ್ಯ, ಅದು ನನ್ನ ಕೈಗೆ ಸಿಕ್ಕಿತು. ನಾಲ್ಕು ದಿನ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟು, ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ತೆಗೆದು ಓದಿದೆ. ಇವತ್ತು ಅವರು ಕೋಳಿ ಅಂಕಕ್ಕೆ ಹೋಗಿದ್ದಾರೆ. ತಮ್ಮ ಹುಂಜ ಒಯ್ದಿಲ್ಲ, ಬೇರೆಯವರ ಹುಂಜಗಳಿಗೆ ಬುದ್ಧಿ ಹೇಳುವುದಕ್ಕೆ ಹೋಗುತ್ತಾರೆ. ಸಂಜೆಯವರೆಗೆ ಬರುವುದಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ದಿನಕ್ಕೆ ಅಪ್ಪನನ್ನು ನಿನ್ನ ಶಾಲೆಗೆ ಕರೆಸಿ, ಮಕ್ಕಳ ಮುಂದೆ ವೇದಿಕೆಯಲ್ಲಿ ಕೂರಿಸಿ ಹಾರ ಹಾಕಬೇಕೆಂದು ನೀನು ಆಸೆಪಟ್ಟೆ. ಅವರು ಎರಡೇ ಸಾಲು ಬರೆದು ಕಳಿಸಿದರಂತೆ, ನಾನು ಬರುವುದಿಲ್ಲ ಮಗಳೇ, ಹಾರ ಹಾಕಿಸಿಕೊಳ್ಳುವಂಥದ್ದು ನಾನೇನೂ ಮಾಡಿಲ್ಲ, ಎಂದು. ಅಷ್ಟಕ್ಕೇ ನೀನು ಸುಮ್ಮನಾಗುತ್ತಿದ್ದೆ. ಆದರೆ ನಿಮ್ಮ ಶಾಲೆಯ ಹಿರಿಯ ಮೇಷ್ಟ್ರೊಬ್ಬರು ಎಲ್ಲರ ಎದುರು ಕೇಳಿದ ಮಾತು ನಿನ್ನನ್ನು ಚುಚ್ಚಿದೆ. "ಸೆರೆ ಕ್ಯಾಂಪು ಮುಟ್ಟಿದವರ ಪಟ್ಟಿಲೂ ನಿಮ್ಮಪ್ಪ ಇಲ್ಲ, ಸತ್ತವರ ಪಟ್ಟಿಲೂ ಇಲ್ಲ. ಮಧ್ಯದಲ್ಲಿ ಎಲ್ಲಿ ಹೋದ್ರಮ್ಮ?" ಎಂದರಂತೆ. ಆಮೇಲೆ ನೀನು ನನ್ನನ್ನು ಕೇಳಿದ್ದೀಯ: ಅಮ್ಮ, ಅಪ್ಪ ಓಡಿಹೋದವರೇ?

ಇಲ್ಲ ಮಿಲಾ. ಓಡುವುದಕ್ಕೆ ಅವರ ಕಾಲಲ್ಲಿ ಶಕ್ತಿ ಇರಲಿಲ್ಲ.

ನಿಮಗೆ ಐವರಿಗೂ ಗೊತ್ತಿರುವುದು ಇಷ್ಟು. ಯುದ್ಧದ ಕಾಲದಲ್ಲಿ ನಿಮ್ಮಜ್ಜಿ, ಅಂದರೆ ನನ್ನಮ್ಮ, ಒಬ್ಬ ಸಾಮಾರ್ ದ್ವೀಪದ ಸೈನಿಕನನ್ನು ಬಚ್ಚಿಟ್ಟು ಕಾಪಾಡಿದಳು, ಅವನು ಆಮೇಲೆ ಈ ಮನೆಯ ಅಳಿಯನಾದ. ಹಬ್ಬದ ಊಟಕ್ಕೆ ಕೂತಾಗ ನಾವು ಹೇಳುತ್ತಿದ್ದದ್ದೂ ಅಷ್ಟೇ. ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ನಿನ್ನಪ್ಪನಿಗೇ ಗೊತ್ತಿಲ್ಲ. ಅಜ್ಜಿಗೆ ಗೊತ್ತಿತ್ತು, ನನಗೆ ಗೊತ್ತು. ಅಜ್ಜಿ ಹೋಗಿ ಇಪ್ಪತ್ತಮೂರು ವರ್ಷವಾಯಿತು. ನಾನೂ ಹೊರಟುಹೋದರೆ ಹೇಳುವವರು ಯಾರೂ ಉಳಿಯುವುದಿಲ್ಲ. ನೀನು ಕೇಳಿದ್ದೇ ಒಳ್ಳೆಯದಾಯಿತು.

ನಮ್ಮ ಸೈನ್ಯ ಕಾದಾಡುತ್ತಿದ್ದ ಬತಾನ್ ಶತ್ರುಗಳ ಕೈಗೆ ಬಿದ್ದದ್ದು ನಲವತ್ತೆರಡರ ಏಪ್ರಿಲ್ ಒಂಬತ್ತಕ್ಕೆ. ಸೆರೆಸಿಕ್ಕ ನಮ್ಮ ಹುಡುಗರನ್ನೂ ಅಮೆರಿಕದವರನ್ನೂ ಜಪಾನಿಯರು ದೂರದ ಸೆರೆ ಕ್ಯಾಂಪಿಗೆ ನಡೆಸಿಕೊಂಡು ಹೊರಟರು. ಎರಡು ಮೂರು ದಿನಕ್ಕೆ ಅವರು ನಮ್ಮೂರಿನ ದಾರಿಗೆ ಬಂದರು. ಅದೇ ಈಗ ನೀನು ಬಸ್ಸು ಹತ್ತುವ ದಾರಿ. ನಾಲ್ಕು ನಾಲ್ಕು ಜನರ ಸಾಲು, ಬೆಳಗಿನಿಂದ ಸಂಜೆವರೆಗೆ, ಒಂದು ವಾರಕ್ಕೂ ಹೆಚ್ಚು. ಬಿಸಿಲಿಗೆ ರಸ್ತೆಯ ಧೂಳು ಬಾಣಲೆಯ ಮರಳಿನ ಹಾಗೆ ಸುಡುತ್ತಿತ್ತು. ಕೂತವರನ್ನು ಹೊಡೆಯುತ್ತಿದ್ದರು, ಬಿದ್ದು ಏಳದವರನ್ನು ಬಂದೂಕಿನ ತುದಿಯ ಚೂರಿಯಿಂದ ತಿವಿಯುತ್ತಿದ್ದರು. ಊರಿಗೆ ಊರೇ ದಾರಿಬದಿಗೆ ಬಂದಿತ್ತು. ಅನ್ನದ ಉಂಡೆಯನ್ನು ಬಾಳೆಲೆಯಲ್ಲಿ ಸುತ್ತಿ ಸಾಲಿನೊಳಗೆ ಎಸೆಯುತ್ತಿದ್ದೆವು. ಸೀಮೆಎಣ್ಣೆ ಡಬ್ಬಗಳಲ್ಲಿ ನೀರು ತುಂಬಿ ಇಟ್ಟರೆ ಕಾವಲಿನವರು ಒದ್ದು ಚೆಲ್ಲುತ್ತಿದ್ದರು. ಮತ್ತೆ ತುಂಬಿ ಇಡುತ್ತಿದ್ದೆವು. ಯಾರೂ ಯಾರಿಗೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ.

ನಿನ್ನ ಸೋದರಮಾವ ಸೆವೆರೊ ಆ ಸೈನ್ಯದಲ್ಲಿದ್ದ. ಗೋಡೆಯ ಮೇಲಿನ ಪಟದಲ್ಲಿ ನೀನು ನೋಡಿರುವ, ಟೋಪಿ ಓರೆ ಮಾಡಿಕೊಂಡು ನಿಂತಿರುವ ಹುಡುಗ. ನನಗಿಂತ ಮೂರು ವರ್ಷ ದೊಡ್ಡವನು. ಅಪ್ಪ ಇಲ್ಲದ ಮನೆ ನಮ್ಮದು. ಅಜ್ಜಿ ಪೇಟೆಯಲ್ಲಿ ಉಪ್ಪುಹಾಕಿದ ಬಾತುಮೊಟ್ಟೆ ಮಾರಿ ನಮ್ಮಿಬ್ಬರನ್ನೂ ಬೆಳೆಸಿದ್ದಳು. ಸೆವೆರೊ ಮಹಾ ತುಂಟ. ಅಮ್ಮನನ್ನು ರೇಗಿಸದೆ ಅವನಿಗೆ ಒಂದು ಹೊತ್ತು ಅನ್ನ ಇಳಿಯುತ್ತಿರಲಿಲ್ಲ. ಸೈನ್ಯಕ್ಕೆ ಹೊರಟ ದಿನವೂ, "ನೀನಿಲ್ಲಿ ದಿನಾ ಬೈಯೋದಕ್ಕಿಂತ ಅಲ್ಲಿ ಗುಂಡು ಹಾರ್ಸೋದು ಎಷ್ಟೋ ವಾಸಿ ಕಣಮ್ಮ" ಎಂದು ನಗಿಸಿಯೇ ಹೋದ.

ಮೊದಲ ದಿನವೇ ಅಜ್ಜಿ ಒಂದು ಉಪಾಯ ಮಾಡಿದಳು. ತನ್ನ ಅತ್ತೆಯ ಕಾಲದ ಅಗಲ ನೆರಿಗೆಯ ಲಂಗ ಹೊರತೆಗೆದು ತೊಟ್ಟು, ಅದರ ಕೆಳಗೆ ತನ್ನವೇ ಎರಡು ಲಂಗ ಉಟ್ಟಳು. ಪೇಟೆಯಲ್ಲಿ ಕೂರುವ ಗಿಡ್ಡ ಮಣೆಯನ್ನು ತಂದು ದಾರಿಯ ತಿರುವಿನಲ್ಲಿ, ಸಾಲಿನಿಂದ ಒಂದು ಮಾರು ದೂರದಲ್ಲಿ ಹಾಕಿಕೊಂಡು ಕೂತಳು. ಮುಂದೆ ಮೊಟ್ಟೆಬುಟ್ಟಿ. ನನ್ನ ಕೈಯಲ್ಲಿ ಸೆವೆರೊನ ಅಂಗಿ, ಒಣಹುಲ್ಲಿನ ಟೋಪಿ. ತಿರುವಿನಲ್ಲಿ ಹಿಂದಿನ ಕಾವಲಿನವನಿಗೆ ಮುಂದಿನದು ಕಾಣುವುದಿಲ್ಲ, ಮುಂದಿನವನು ಹಿಂದೆ ತಿರುಗುವುದಿಲ್ಲ. ಸೆವೆರೊ ಬಂದೊಡನೆ ಎಳೆದುಕೊಂಡು ಲಂಗದೊಳಗೆ ಅಡಗಿಸುವುದು, ಸಾಲು ದಾಟಿದ ಮೇಲೆ ಅಂಗಿ ತೊಡಿಸಿ ಮನೆಗೆ ಕರೆದೊಯ್ಯುವುದು. ಬೇರೆ ಊರುಗಳಲ್ಲಿ ಹೆಂಗಸರು ಹೀಗೆ ಮಾಡಿದ್ದಾರೆಂದು ಯಾರೋ ಹೇಳಿದ್ದರು. ಲಂಗದೊಳಗೆ ಒಬ್ಬನನ್ನು ಅಡಗಿಸುವಷ್ಟೇ ಜಾಗವಿತ್ತು.

ನಾಲ್ಕು ದಿನ ಕೂತೆವು. ಸಾವಿರಾರು ಮುಖ ನೋಡಿದೆವು. ಎಲ್ಲ ಮುಖಗಳೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಅಣ್ಣ ಬಂದರೂ ಗುರುತು ಸಿಗುವುದಿಲ್ಲವೇನೋ ಎಂದು ನನಗೆ ಭಯವಾಗುತ್ತಿತ್ತು. ಅಜ್ಜಿ, "ಹೆತ್ತವಳಿಗೆ ನಡಿಗೆ ನೋಡಿದ್ರೆ ಸಾಕು. ನೀನು ಸುಮ್ನೆ ಅಂಗಿ ಹಿಡ್ಕೊ" ಎಂದಳು.

ಐದನೆಯ ದಿನ ಮಧ್ಯಾಹ್ನ. ಒಬ್ಬ ಹುಡುಗ ತಿರುವಿಗೆ ಬಂದವನೇ ಅಜ್ಜಿಯ ಬುಟ್ಟಿಯ ಮುಂದೆ ಕುಸಿದು ಬಿದ್ದ. ಕಡ್ಡಿಯ ಹಾಗಿದ್ದ. ಕಣ್ಣು ತೆರೆದೇ ಇತ್ತು, ಆದರೆ ಅದು ಯಾರನ್ನೂ ನೋಡುತ್ತಿರಲಿಲ್ಲ. ಹಿಂದಿನಿಂದ ಕಾವಲಿನವನು ಬರುತ್ತಿದ್ದ. ಅವನು ತಿರುವು ದಾಟಲು ಇನ್ನು ಹತ್ತು ಹೆಜ್ಜೆಯೂ ಇರಲಿಲ್ಲ.

ಇಲ್ಲಿ ನಾನು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ನಲವತ್ತು ವರ್ಷ ಪಾದ್ರಿಗಳ ಮುಂದೆ ಬಿಟ್ಟರೆ ಯಾರ ಮುಂದೆಯೂ ಹೇಳಿಲ್ಲ. ಅಜ್ಜಿ ಆ ಹುಡುಗನ ಕಡೆಗೆ ಕೈ ಚಾಚಿದಳು. ನಾನು ಅವಳ ಕೈ ಹಿಡಿದುಕೊಂಡೆ. "ಬೇಡಮ್ಮ, ಬಿಟ್ಬಿಡು. ಅವನು ಹೇಗಿದ್ರೂ ಸಾಯ್ತಾನೆ. ಅಣ್ಣ ಬರ್ತಾನೆ" ಎಂದೆ.

ನನಗಾಗ ಹದಿನೇಳು. ಹದಿನೇಳು ಚಿಕ್ಕ ವಯಸ್ಸೇನಲ್ಲ.

ಅಜ್ಜಿ ನನ್ನ ಕೈಯನ್ನು ಕೊಡವಿದಳು. ಅವನ ಕತ್ತುಪಟ್ಟಿ ಹಿಡಿದು ಒಂದೇ ಎಳೆತಕ್ಕೆ ಎಳೆದಳು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಅಡ್ಡ ನಿಂತರು. ಲಂಗ ಎತ್ತಿ, ಅವನನ್ನು ಮಣೆಯ ಸುತ್ತ ಸುರುಳಿ ಸುತ್ತಿಸಿ, ಮೇಲೆ ನೆರಿಗೆ ಹರಡಿ, ಮರಿಗಳ ಮೇಲೆ ಕೋಳಿ ಕೂತ ಹಾಗೆ ಕೂತುಬಿಟ್ಟಳು. ಜಪಮಾಲೆ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದಳು. ಕಾವಲಿನವನು ಬಂದ. ಅವನಿಗೆ ಲೆಕ್ಕ ತಪ್ಪಿದಂತೆ ಅನಿಸಿತೋ ಏನೋ, ನಮ್ಮ ಪಕ್ಕದಲ್ಲೇ ನಿಂತುಕೊಂಡ. ಅವನ ಬೂಟಿನಿಂದ ಅಜ್ಜಿಯ ಲಂಗಕ್ಕೆ ಮೂರು ಮೊಳ ಇದ್ದಿರಬಹುದು. ಸಾಲು ನಡೆಯುತ್ತಲೇ ಇತ್ತು.

ಆಗ ಸೆವೆರೊ ಬಂದ.

ಅಜ್ಜಿ ಹೇಳಿದ್ದು ನಿಜ, ನಡಿಗೆಯಿಂದಲೇ ಗೊತ್ತಾಯಿತು. ಮುಂದಿನವನ ಹೆಗಲ ಮೇಲೆ ಕೈಯಿಟ್ಟುಕೊಂಡು ಕಾಲೆಳೆಯುತ್ತ ಬರುತ್ತಿದ್ದ. ತಲೆಗೆ ಒಂದು ಚಿಂದಿ ಕಟ್ಟಿಕೊಂಡಿದ್ದ. ಅಮ್ಮನನ್ನು ನೋಡಿದ. ಅವನ ಮುಖದಲ್ಲಿ ಸಂತೋಷ ಬಂದದ್ದನ್ನು ನಾನು ನೋಡಿದೆ ಮಿಲಾ. ಅಮ್ಮ ಓಡಿಬರುತ್ತಾಳೆಂದು ಕಾದನೇನೋ. ಅಜ್ಜಿ ಏಳಲಿಲ್ಲ. ಏಳುವ ಹಾಗಿರಲಿಲ್ಲ. ಕುಳಿತಲ್ಲೇ ಅವನ ಮುಖವನ್ನೇ ನೋಡುತ್ತಿದ್ದಳು. ಬಾಯಿಂದ ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ, ಒಂದು ಅಕ್ಷರವೂ ತೊದಲಲಿಲ್ಲ. ಸೆವೆರೊನ ಕಣ್ಣು ಅವಳ ಮುಖದಿಂದ ಕೆಳಗಿಳಿದು ಲಂಗದ ಮೇಲೆ ಬಂದು ನಿಂತಿತು. ಅವನಿಗೆ ತಿಳಿಯಿತು.

ನಮ್ಮ ಎದುರಿಗೆ ಬಂದಾಗ ಅವನು ಎಡವಿ ಅಮ್ಮನ ಕಾಲ ಬಳಿಯೇ ಮಂಡಿಯೂರಿ ಬಿದ್ದ. ಪಾಪ, ಅಷ್ಟು ನಿತ್ರಾಣನಾಗಿದ್ದ. ಕಾವಲಿನವನು ಬಂದೂಕಿನ ಹಿಡಿಯಿಂದ ಬೆನ್ನಿಗೆ ಎರಡು ಏಟು ಹೊಡೆದ. ಅಣ್ಣ ಎದ್ದು ನಿಂತು ಸಾಲು ಸೇರಿಕೊಂಡ. ನಾನು ಜನರ ನಡುವೆ ನುಗ್ಗಿ ಓಡಿದೆ, ಕೈಯಲ್ಲಿದ್ದ ಅನ್ನದ ಪೊಟ್ಟಣ ಎಸೆದೆ. ಅದು ಇನ್ಯಾರ ಕೈಗೋ ಸಿಕ್ಕಿತು. ಅಣ್ಣ ತಿರುಗಿ ನೋಡಲಿಲ್ಲ. ನಾನು ವಾಪಸು ಬಂದಾಗ ಕಾವಲಿನವನು ಹೋಗಿಯಾಗಿತ್ತು. ಅಜ್ಜಿ ಇನ್ನೂ ಪ್ರಾರ್ಥನೆ ಹೇಳುತ್ತಲೇ ಇದ್ದಳು. ಸೆವೆರೊಗೆಂದು ತಂದಿದ್ದ ಅಂಗಿಯನ್ನು ಆ ಹುಡುಗನಿಗೆ ತೊಡಿಸಿ, ಟೋಪಿ ಹಾಕಿ, ನಾವಿಬ್ಬರೂ ಎರಡೂ ಕಡೆ ಹಿಡಿದುಕೊಂಡು, ಕುಡಿದವನನ್ನು ನಡೆಸುವ ಹಾಗೆ ಮನೆಗೆ ನಡೆಸಿದೆವು.

ಆ ಹುಡುಗ ನಿನ್ನಪ್ಪ. ಆಗಿನ್ನೂ ನನಗೆ 'ಅವರು' ಆಗಿರಲಿಲ್ಲ, ಅದಕ್ಕೆ 'ಅವನು' ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಅವನ ಹೆಸರು ಡೆನ್ಸಿಯೊ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಮಲೇರಿಯಾ ಜ್ವರ, ಭೇದಿ. ಮೀನುಹೊಂಡದ ಆಚೆಯ ಗುಡಿಸಲಲ್ಲಿ ಅವನನ್ನು ಮಲಗಿಸಿ, ದೋಣಿಯಲ್ಲಿ ಹೋಗಿ ಗಂಜಿ ಕುಡಿಸಿ ಬರುತ್ತಿದ್ದೆವು. ಸಾಮಾರ್ ಕಡೆಯವನು, ನಮ್ಮ ಪಂಪಾಂಗಾ ಮಾತು ಒಂದೂ ಬಾರದು. ಅಜ್ಜಿ ಅವನಿಗೆ ಬೈದು ಬೈದು ಭಾಷೆ ಕಲಿಸಿದಳು. "ನುಂಗು, ಮೂತಿ ಸೊಟ್ಟ ಮಾಡ್ಬೇಡ. ನಿಮ್ಮಮ್ಮ ಇದ್ದಿದ್ರೆ ಬಾಯಿಗೆ ತುರುಕ್ತಿದ್ಲು" ಎನ್ನುವಳು. ಅವನಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ತಲೆಯಾಡಿಸಿ ನುಂಗುವನು.

ನಾನು ಅವನೊಡನೆ ಮಾತಾಡುತ್ತಿರಲಿಲ್ಲ. ತಟ್ಟೆಯನ್ನು ಧಡ್ ಎಂದು ಇಟ್ಟು ಹೊರಗೆ ಬಂದು ಕೂರುತ್ತಿದ್ದೆ. ಅಣ್ಣನ ಅಂಗಿ ಅವನ ಮೈಮೇಲೆ ಇದ್ದದ್ದನ್ನು ನೋಡಲಾಗುತ್ತಿರಲಿಲ್ಲ.

ಆ ವರ್ಷದ ಕೊನೆಯ ಹೊತ್ತಿಗೆ ಕ್ಯಾಂಪಿನಿಂದ ಬಿಡುಗಡೆಯಾದ ಊರ ಹುಡುಗನೊಬ್ಬ ಸುದ್ದಿ ತಂದ. ಸೆವೆರೊ ಜೂನ್ ತಿಂಗಳಲ್ಲೇ ಹೋಗಿಬಿಟ್ಟಿದ್ದ. ಎಲ್ಲರಂತೆಯೇ ಭೇದಿಯಾಗಿ, ಎಲ್ಲರ ಜೊತೆಗೆ ಒಂದೇ ಗುಂಡಿಯಲ್ಲಿ. ಅಜ್ಜಿ ಅಳಲಿಲ್ಲ. ಅಂದು ಸಾಯಂಕಾಲ ಬಾತುಗಳಿಗೆ ಹೊಟ್ಟು ಕಲಸುತ್ತ ನನ್ನನ್ನು ಕರೆದಳು. "ಡೆನ್ಸಿಯೊಗೆ ನಮ್ಮ ಹುಡುಗ ಕ್ಯಾಂಪಲ್ಲಿ ಹೋದ ಅಂತಷ್ಟೇ ಹೇಳು. ಅವತ್ತು ಅವನು ಎದುರಿಗೇ ಬಂದಿದ್ದ ಅಂತ ಯಾವತ್ತೂ ಹೇಳ್ಬೇಡ. ಹೇಳಿದ್ರೆ ಆ ಹುಡುಗ ಬದುಕಿರೋವರೆಗೂ ಅದನ್ನ ಹೊತ್ಕೊಂಡು ತಿರುಗ್ತಾನೆ. ನಾನು ಅವನನ್ನ ಕಾಪಾಡಿದ್ದು ಬದುಕ್ಲಿ ಅಂತ, ಹೊರ್ಲಿ ಅಂತ ಅಲ್ಲ" ಎಂದಳು.

ನಾನು ಆಣೆ ಇಟ್ಟೆ. ಮನಸ್ಸಿಲ್ಲದೆ ಇಟ್ಟೆ. ಎಷ್ಟೋ ಸಲ, ತಟ್ಟೆ ಇಡುವಾಗ, ಅವನ ಮುಖಕ್ಕೆ ಹೊಡೆದ ಹಾಗೆ ಅದನ್ನು ಹೇಳಿಬಿಡಬೇಕು ಎನಿಸುತ್ತಿತ್ತು. ಹೇಳಲಿಲ್ಲ.

ಕಾಲಿಗೆ ಬಲ ಬಂದ ಮೇಲೆ ಅವನು ಸುಮ್ಮನೆ ಕೂರಲಿಲ್ಲ, ಇದನ್ನು ನಿಮ್ಮ ಮೇಷ್ಟ್ರಿಗೆ ಹೇಳು. ಎರಡು ವರ್ಷ ಕೆಸರು ಕಾಲುವೆಗಳಲ್ಲಿ ದೋಣಿ ನಡೆಸಿ, ಕಾಡಲ್ಲಿದ್ದ ನಮ್ಮ ಹೋರಾಟಗಾರರಿಗೆ ಅಕ್ಕಿ, ಔಷಧಿ, ಸುದ್ದಿ ಮುಟ್ಟಿಸಿದ. ಸುದ್ದಿಯ ಚೀಟಿಗಳನ್ನು ಪೇಟೆಯಿಂದ ತರುತ್ತಿದ್ದವಳು ಅಜ್ಜಿ, ಮೊಟ್ಟೆಬುಟ್ಟಿಯ ತಳದಲ್ಲಿ. ಒಂದು ಸಲ ಕಾವಲಿನವನೊಬ್ಬ ಬುಟ್ಟಿಯಿಂದ ಆರು ಮೊಟ್ಟೆ ತೆಗೆದುಕೊಂಡ. ಏಳನೆಯದು ತೆಗೆದಿದ್ದರೆ ಚೀಟಿ ಕಾಣುತ್ತಿತ್ತು. ಅಜ್ಜಿ ಮನೆಗೆ ಬಂದು, "ದುರಾಸೆ ಇಲ್ದೋನು, ಒಳ್ಳೆ ಮನೆತನದೋನಿರ್ಬೇಕು" ಎಂದು ನೀರು ಕುಡಿದಳು. ಈ ಹೆಂಗಸಿನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಯುದ್ಧ ಮುಗಿಯಿತು. ಡೆನ್ಸಿಯೊ ತಾಯಿಯನ್ನು ನೋಡಲು ಸಾಮಾರಿಗೆ ಹೊರಟ. ಇನ್ನು ಬರುವುದಿಲ್ಲ ಎಂದುಕೊಂಡೆ, ಸಮಾಧಾನವೂ ಆಯಿತು. ಆದರೆ ಮನೆಯಲ್ಲಿ ತಟ್ಟೆ ಧಡ್ ಎಂದು ಇಡಲು ಯಾರೂ ಇಲ್ಲದೆ ಏನೋ ಕಳೆದುಹೋದಂತಿತ್ತು. ಐದು ತಿಂಗಳ ಮೇಲೆ ಒಂದು ಮೂಟೆ ಒಣಮೀನು ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ ಹೇಳಿಕಳಿಸಿದ್ದಳಂತೆ, ನನ್ನ ಮಗನಿಗೆ ಈಗ ಇಬ್ಬರು ತಾಯಂದಿರು, ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿ ಇರಲಿ, ಎಂದು. ಅಜ್ಜಿ, "ತಡ ಮಾಡ್ದೆ. ಬಾತಿನ ಗೂಡು ಸೋರ್ತಿದೆ, ಮೊದ್ಲು ಅದನ್ನ ನೋಡು" ಎಂದಳು.

ನಲವತ್ತಾರರ ಜುಲೈ ನಾಲ್ಕಕ್ಕೆ ಸ್ವಾತಂತ್ರ್ಯ ಬಂತು. ಈಗ ನೀವು ಜೂನ್ ಹನ್ನೆರಡಕ್ಕೆ ಆಚರಿಸುತ್ತೀರಿ, ಅದೇ ಸರಿ ಇರಬಹುದು. ನನ್ನ ಕಣ್ಣಲ್ಲಿ ಉಳಿದದ್ದು ಮಾತ್ರ ಆ ಜುಲೈ. ಚರ್ಚಿನ ಮುಂದಿನ ಬಯಲಲ್ಲಿ ಅಮೆರಿಕದ ಬಾವುಟ ಇಳಿದು ನಮ್ಮದೊಂದೇ ಮೇಲೇರಿತು. ಆಮೇಲೆ ಊರಿನ ಅಧ್ಯಕ್ಷರು ಸತ್ತವರ ಹೆಸರು ಓದಿದರು. ಯಾವ ಮನೆಯ ಹೆಸರು ಬಂತೋ ಆ ಮನೆಯವರು ಕೈ ಎತ್ತಬೇಕು. ಒಂದೊಂದು ಹೆಸರಿಗೂ ಜನರ ನಡುವಿನಿಂದ ಒಂದೊಂದು ಕೈ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಸೆವೆರೊನ ಹೆಸರು ಬಂದಾಗ ಅಜ್ಜಿ ಒಂದು ಕೈ ಎತ್ತಿದಳು. ಇನ್ನೊಂದು ಕೈಯಿಂದ ಡೆನ್ಸಿಯೊನ ಮಣಿಕಟ್ಟು ಹಿಡಿದಿದ್ದಳು. ಅದನ್ನೂ ಎತ್ತಿದಳು. ಎಲ್ಲರೂ ನೋಡುವ ಹಾಗೆ, ಎತ್ತಿಯೇ ಹಿಡಿದಳು. ಅವನು ತಲೆ ತಗ್ಗಿಸಿಕೊಂಡು ಮಕ್ಕಳ ಹಾಗೆ ಅಳುತ್ತಿದ್ದ. ಅಷ್ಟೇಕೆ ಅಳುತ್ತಿದ್ದಾನೆಂದು ಆಗ ನನಗೆ ತಿಳಿಯಲಿಲ್ಲ. ಅಣ್ಣನ ಮುಖವನ್ನೇ ನೋಡದವನು.

ಅವತ್ತು ರಾತ್ರಿಯ ಊಟಕ್ಕೆ ನಾನು ತಟ್ಟೆಯನ್ನು ಸದ್ದಿಲ್ಲದೆ ಇಟ್ಟೆ. ಅವನು ತಟ್ಟೆ ನೋಡಿದ, ನನ್ನನ್ನು ನೋಡಿದ, "ತಟ್ಟೆ ಒಡೆದುಹೋಯ್ತಾ?" ಎಂದು ಕೇಳಿದ. ಅಜ್ಜಿ ನಕ್ಕುಬಿಟ್ಟಳು. ನಾಲ್ಕು ವರ್ಷದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಮರುವರ್ಷ ಅವನು ಅವರಾದರು.

ಆಮೇಲಿನದು ನಿನಗೆ ಗೊತ್ತು. ಬಾತುಗಳು, ಮೊಟ್ಟೆಗಳು, ನೀವು ಐವರು, ನೆರೆ ಬಂದಾಗ ಮಾಡು ಹತ್ತಿ ಕೂತದ್ದು. ಮೂವತ್ತೈದು ವರ್ಷದಲ್ಲಿ ಅವರು ನನಗೆ ಒಂದು ಗಟ್ಟಿ ಮಾತು ಆಡಿಲ್ಲ, ಹುಂಜದ ವಿಷಯ ಬಿಟ್ಟು. ಅಜ್ಜಿ ಕೊನೆಯ ಕಾಯಿಲೆಯಲ್ಲಿ ನೀರು ಕುಡಿದದ್ದೂ ಅವರ ಕೈಯಿಂದಲೇ. ಅವರು ಹೊರಗೆ ಹೋದ ಒಂದು ಗಳಿಗೆ ನೋಡಿ ನಾನು ಅವಳನ್ನು ಕೇಳಿದೆ, ಅವತ್ತು ಮಾಡಿದ್ದಕ್ಕೆ ಯಾವತ್ತಾದರೂ ನೊಂದುಕೊಂಡೆಯಾ ಎಂದು. ಅವಳು ಹೇಳಿದಳು:

"ದಿನಾ ನೊಂದ್ಕೊಂಡೆ. ಆದ್ರೆ ನೋಡು, ಇವನನ್ನ ಬಿಟ್ಟು ಕಾದಿದ್ರೆ ಸೆವೆರೊ ಸಿಗ್ತಿದ್ದ. ಆಗ ಸಾಮಾರಲ್ಲಿ ಇನ್ನೊಬ್ಳು ಹೀಗೇ ದಾರಿ ನೋಡ್ತಾ ಕೂತಿರ್ತಿದ್ಲು. ದೇಶಕ್ಕೆ ಮಗನ್ನ ಕೊಟ್ಟೋಳು ಅಂತಾರೆ ನನ್ನ. ನಾನೆಲ್ಲಿ ಕೊಟ್ಟೆ, ಕಿತ್ಕೊಂಡ್ರು. ನಾನು ಕೊಟ್ಟಿದ್ದು ಅಂದ್ರೆ ಈ ಹುಡುಗನಿಗೆ ಒಂದಿಷ್ಟು ಜಾಗ. ಅದನ್ನ ವಾಪಸ್ ಕೇಳಲ್ಲ."

ಮಿಲಾ, ನಿನ್ನ ಪ್ರಶ್ನೆಗೆ ಇದೇ ಉತ್ತರ. ನಿನ್ನಪ್ಪ ಓಡಿಹೋಗಲಿಲ್ಲ. ಒಬ್ಬ ತಾಯಿ ಅವರನ್ನು ಎತ್ತಿಕೊಂಡಳು, ಅದಕ್ಕೆ ಅವಳು ತೆತ್ತದ್ದು ಏನೆಂದು ಅವರಿಗೆ ಗೊತ್ತಿಲ್ಲ. ಮಕ್ಕಳಿಗೆ ಏನು ಹೇಳಬೇಕೋ ನೀನೇ ಯೋಚಿಸು. ಸ್ವಾತಂತ್ರ್ಯ ಎಂದರೆ ಬಾವುಟ, ಭಾಷಣ ಎಂದುಕೊಂಡಿರುತ್ತಾರೆ. ಎದ್ದು ಓಡಬೇಕೆನ್ನಿಸಿದಾಗ ಏಳದೆ ಕೂತವರೂ ಅದರಲ್ಲಿದ್ದಾರೆಂದು ಹೇಳು. ನಿಮ್ಮ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವರ ಮನೆಯಿಂದಲೂ ಯಾರೋ ಹೋಗಿ ಬರದೇ ಉಳಿದಿರಬೇಕು, ಅಂಥವರೇ ಹಾಗೆ ಕೇಳುವುದು.

ಅಪ್ಪನಿಗೆ ಮಾತ್ರ ಇದನ್ನು ಹೇಳಬೇಡ. ಪತ್ರ ಓದಿ ಸುಟ್ಟುಬಿಡು, ಇಲ್ಲವೇ ಮಗು ದೊಡ್ಡವಳಾದ ಮೇಲೆ ಅವಳಿಗೆ ಕೊಡು. ನಾನು ಆಣೆ ಮುರಿದದ್ದನ್ನು ಅಜ್ಜಿ ಕ್ಷಮಿಸುತ್ತಾಳೆಂದು ನಂಬಿದ್ದೇನೆ. ಈ ವಯಸ್ಸಿಗೆ ಒಂದು ಮನೆಯಲ್ಲಿ ಇಷ್ಟು ನೆಮ್ಮದಿ ಇರುವುದು ಅಪರೂಪ, ಅದನ್ನು ಕದಡಲು ನನಗೆ ಇಷ್ಟವಿಲ್ಲ.

ಮಗುವಿನ ಕೆಮ್ಮಿಗೆ ನಿಂಬೆರಸದಲ್ಲಿ ಜೇನು ಕೊಡು. ಅಳಿಯನಿಗೆ ನನ್ನ ನೆನಪು ಹೇಳು.

ನಿನ್ನನ್ನು ದಿನವೂ ನೆನೆಯುವ
ಅಮ್ಮ
ಪ್ರಿಮಿತಿವಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನಪ್ಪ ಬಂದುಬಿಟ್ಟರು. ಅಂಕದಲ್ಲಿ ಯಾರೋ ಇವರ ಬುದ್ಧಿಮಾತು ಕೇಳಿ ಸೋತರಂತೆ, ಅದಕ್ಕೇ ಬೇಗ ಹೊರಟುಬಂದರು. ಇಷ್ಟು ದಪ್ಪ ಪತ್ರ ಯಾರಿಗೆ ಎಂದರು. ಮಿಲಾಗೆ ಎಂದೆ. "ಓದು" ಎಂದು ಕಾಲು ತೊಳೆದುಕೊಂಡು ಬಂದು ಎದುರಿಗೆ ಕೂತರು. ಅವರಿಗೆ ಕನ್ನಡಕವಿದ್ದರೂ ನನ್ನ ಅಕ್ಷರ ಹತ್ತುವುದಿಲ್ಲ. ಬೇರೇನಾದರೂ ಕಟ್ಟಿ ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಓದಿದೆ. ನಾನು ಅಜ್ಜಿಗೆ ಅವನನ್ನು ಬಿಟ್ಟುಬಿಡು ಎಂದ ಆ ಮಾತನ್ನು ಮಾತ್ರ ಹಾರಿಸಿ, ಉಳಿದದ್ದೆಲ್ಲ ಓದಿದೆ.

ನಾನು ಓದಿ ಮುಗಿಸುವವರೆಗೆ ಅವರು ಅಂಗಳ ನೋಡುತ್ತಿದ್ದರು. ಆಮೇಲೆ, "ಸೆವೆರೊ ಎಡವಿ ಬೀಳ್ಲಿಲ್ಲ ತಿವಾ" ಎಂದರು.

ಅವತ್ತು ಅವರ ಒಂದು ಪಾದ ಲಂಗದ ಹೊರಗೆ ಉಳಿದಿತ್ತಂತೆ. ಒಳಗೆಳೆದುಕೊಳ್ಳಲು ಶಕ್ತಿ ಇರಲಿಲ್ಲ. ಯಾರದೋ ಕೈ ಬಂದು ಅದನ್ನು ಒಳಗೆ ತಳ್ಳಿತು. ತಳ್ಳುತ್ತ ಪಿಸುಗುಟ್ಟಿದ ಒಂದು ಮಾತು ಕಿವಿಗೆ ಬಿತ್ತು, ಜೊತೆಗೇ ಏಟಿನ ಸದ್ದು. ನಮ್ಮ ಭಾಷೆ ಬಾರದು, ಅರ್ಥವಾಗಲಿಲ್ಲ. ಆದರೂ ಆ ಸದ್ದನ್ನು ಹಾಗೆಯೇ ನೆನಪಿಟ್ಟುಕೊಂಡಿದ್ದರು. ಎಷ್ಟೋ ತಿಂಗಳ ಮೇಲೆ, ಒಗೆದ ಬಟ್ಟೆಯನ್ನು ಇವರು ಕೆಸರು ಕಾಲಲ್ಲಿ ತುಳಿದಾಗ ಅಜ್ಜಿ ಬೈದಳು. ಅದರಲ್ಲಿ ಅವೇ ಪದಗಳು ಬಂದವು. ಆಗ ಇಡೀ ಮಾತು ತೆರೆದುಕೊಂಡಿತು. ಸೆವೆರೊ ಹೇಳಿದ್ದು ಇದು: "ಕಾಲು ಒಳಗೆಳ್ಕೊ ಮಾರಾಯ. ಅಮ್ಮನ ಲಂಗ ಕೊಳೆ ಮಾಡಿದ್ರೆ ಬೈತಾಳೆ."

ಅಮ್ಮ ಎಂದದ್ದರಿಂದ ಅವನು ಯಾರೆಂದು ತಿಳಿಯಿತಂತೆ. "ನನ್ನ ಕಾಲಿಂದ ಅವನಿಗೆ ಏಟು ಬಿತ್ತು ಅಂತ ನಿಮ್ಮಮ್ಮನಿಗೆ ಹೆಂಗೆ ಹೇಳ್ಲಿ? ನೀವಿಬ್ರೂ ನನಗೋಸ್ಕರ ಮುಚ್ಚಿಡ್ತಿದ್ರಿ, ನಾನು ನಿಮಗೋಸ್ಕರ ಮುಚ್ಚಿಟ್ಟೆ" ಎಂದರು. ನಾವಿಬ್ಬರೂ ಅತ್ತೆವು, ಆಮೇಲೆ ಲಂಗದ ಮಾತು ನೆನೆದು ನಕ್ಕೆವು. ಸಾಯಲು ಹೊರಟ ಸಾಲಿನಲ್ಲೂ ಅಮ್ಮನನ್ನು ರೇಗಿಸದೆ ಬಿಡಲಿಲ್ಲವಲ್ಲ ನನ್ನಣ್ಣ.

ಹನ್ನೆರಡನೇ ತಾರೀಕಿಗೆ ಬರುತ್ತಾರಂತೆ. ಹಾರ ಬೇಡ, ಮಕ್ಕಳಿಗೆ ಸೆವೆರೊನ ವಿಷಯ ಹೇಳುವುದಕ್ಕೆ ಬರುತ್ತೇನೆಂದು ಬರಿ ಎಂದರು. ನಾನೂ ಬರುತ್ತೇನೆ.

ಇಷ್ಟು ಹೇಳಿ ಬಾತುಗಳಿಗೆ ಹೊಟ್ಟು ಹಾಕಲು ಎದ್ದು ಹೋದವರು ಬಾಗಿಲಲ್ಲಿ ನಿಂತರು. "ಒಂದು ಸಾಲು ಬಿಟ್ಟು ಓದಿದೆ" ಎಂದರು.

ಆ ಮಾತೂ ನಿಮ್ಮ ಕಿವಿಗೆ ಬಿದ್ದಿತ್ತೇ, ಯಾವಾಗ ಅರ್ಥವಾಯಿತು ಎಂದು ಕೇಳಿದೆ.

"ಅದೂ ಅವತ್ತೇ, ಬಟ್ಟೆ ತುಳಿದ ದಿನ. ಒಣಮೀನು ಹೊತ್ಕೊಂಡು ಬಂದಾಗ ಗೊತ್ತಿದ್ದೇ ಬಂದೆ" ಎಂದು ಹೊಟ್ಟಿನ ಬಕೆಟ್ಟು ಎತ್ತಿಕೊಂಡು ಹೋದರು.